ಹಳೇ ಹೆಲಿಕಾಪ್ಟರ್ ಮತ್ತು ತಾಂಬೂಲದ ಮಾತು

ಯಾವ ಗಾಡಿ ಹತ್ತುವ ಮುಂಚೆಯೂ ಅದನ್ನು ಒಂದು ಸುತ್ತು ಹಾಕಿ ನೋಡುವುದು ನನ್ನ ಅಭ್ಯಾಸ. ಬಸ್ಸಾದರೂ ಅಷ್ಟೇ, ಆಟೋ ಆದರೂ ಅಷ್ಟೇ. ಮೂತಿಯಿಂದ ಹೊರಟು ಬಾಲದವರೆಗೆ ಹೋಗಿ, ಇನ್ನೊಂದು ಪಕ್ಕದಿಂದ ಮತ್ತೆ ಮೂತಿಗೆ ಬಂದು ನಿಲ್ಲುತ್ತೇನೆ. ನಡುವೆ ಟೈರನ್ನು ಕಾಲಿನಲ್ಲಿ ಒತ್ತುತ್ತೇನೆ, ಬಗ್ಗಿ ಅಡಿಯಲ್ಲಿ ಎಣ್ಣೆ ಸೋರಿದೆಯೇ ಅಂತ ನೋಡುತ್ತೇನೆ, ಸಡಿಲವಾಗಿ ಕಂಡ ಬೋಲ್ಟಿನ ಮೇಲೆ ಬೆರಳಿಡುತ್ತೇನೆ. ಹಿಂದೂಪುರದಿಂದ ಪರಿಗಿಗೆ ಹೋಗುವ ಆಟೋದವರಿಗೆ ಇದು ರೂಢಿಯಾಗಿಬಿಟ್ಟಿದೆ. ನಾನು ಕಂಡ ಕೂಡಲೇ, “ಸಾರ್ ಬಂದ್ರು, ಪ್ರದಕ್ಷಿಣೆ ಆಗ್ಲಿ, ಆಮೇಲೆ ಹೊರಡಾನ” ಅಂತ ಬೀಡಿ ಹಚ್ಚಿಕೊಂಡು ನಿಲ್ಲುತ್ತಾರೆ.

ಇದು ಕೆಲಸದಿಂದ ಅಂಟಿಕೊಂಡದ್ದು. ವಾಯುಪಡೆಯಲ್ಲಿ ನಾನು ಯುದ್ಧವಿಮಾನದ ಮೈ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದೆ. ಎಂಜಿನ್ನಿನವರು ಬೇರೆ, ಕರೆಂಟಿನವರು ಬೇರೆ. ರೆಕ್ಕೆ, ಬಾಲ, ಚಕ್ರ, ಹೊರಗಿನ ತಗಡು ನಮ್ಮ ಪಾಲಿಗೆ. ನಾನು ಸೇರಿದಾಗಲೇ ಆ ವಿಮಾನಗಳು ಹಳೆಯವು ಅನ್ನಿಸಿಕೊಂಡಿದ್ದವು. ನಾನು ನಿವೃತ್ತನಾಗಿ ಊರಿಗೆ ಬಂದ ಮೇಲೂ ಬಹಳ ಕಾಲ ಹಾರುತ್ತಲೇ ಇದ್ದವು. ಈಗ ನಿಂತಿವೆ. ಅಂಥದ್ದೊಂದನ್ನು ಯಾವುದೋ ಊರಿನ ಸರ್ಕಲ್ಲಿನಲ್ಲಿ ಕಂಬದ ಮೇಲೆ ನಿಲ್ಲಿಸಿದ್ದಾರೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ಅದರ ಹೊಟ್ಟೆಯ ಸಂದಿಯಲ್ಲಿ ಪಾರಿವಾಳಗಳು ಕೂತಿದ್ದವು. ಇಳಿದು ಹೋಗಿ ಅವನ್ನು ಓಡಿಸಿ ಬರಲೇ ಅನ್ನಿಸಿತು. ನನಗೆ ಅಳು ಬಂದದ್ದನ್ನು ಪಕ್ಕದವನಿಗೆ ಕಾಣದ ಹಾಗೆ ನುಂಗಿಕೊಂಡೆ.

ನಮ್ಮದು ನೇಕಾರರ ಮನೆತನ. ನನ್ನ ಅಕ್ಕನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ಭಾವ ಪವರ್‌ಲೂಮ್ ಇಟ್ಟುಕೊಂಡಿದ್ದಾರೆ. ಅವರ ಮಗ್ಗಗಳ ಸದ್ದು ನಮ್ಮ ಅಡುಗೆಮನೆಯ ಪಾತ್ರೆಗಳನ್ನೂ ಸಣ್ಣಗೆ ನಡುಗಿಸುತ್ತಿರುತ್ತದೆ. ಆ ಗದ್ದಲದಲ್ಲೇ ಭಾವ ಕುರ್ಚಿಯಲ್ಲಿ ಕೂತು ತೂಕಡಿಸುತ್ತಾರೆ. ಆದರೆ ಮಗ್ಗವೊಂದರ ಸದ್ದು ಒಂಚೂರು ಬದಲಾದರೂ ಸಾಕು, ಕಣ್ಣು ಬಿಡುವ ಮೊದಲೇ ಅವರ ಕೈ ಸ್ವಿಚ್ಚಿನ ಮೇಲಿರುತ್ತದೆ. ಕೆಲವು ಸಲ ಎಳೆ ಹರಿದಿರುತ್ತದೆ, ಕೆಲವು ಸಲ ಏನೂ ಆಗಿರುವುದಿಲ್ಲ. ಏನೂ ಇಲ್ಲದಿದ್ದರೆ ಮತ್ತೆ ಮಗ್ಗ ಹಚ್ಚಿ ಮತ್ತೆ ತೂಕಡಿಸುತ್ತಾರೆ.

ಭಾವನ ಇನ್ನೊಂದು ಗುಣ, ಗೇಲಿ. ನಮ್ಮ ಬೀದಿಯಲ್ಲಿ ಗೇಲಿ ಮಾಡಿಸಿಕೊಳ್ಳದೆ ಬೆಳೆದವರು ಯಾರೂ ಇಲ್ಲ, ಅದರಲ್ಲಿ ಭಾವ ಎಲ್ಲರಿಗಿಂತ ಒಂದು ಕೈ ಮೇಲು. ನನ್ನ ಪ್ರದಕ್ಷಿಣೆಗೆ ಆ ಹೆಸರಿಟ್ಟವರೂ ಅವರೇ. ಒಮ್ಮೆ ಒಬ್ಬ ಸಿಕ್ಕಿಬಿದ್ದರೆ ಮುಗಿಯಿತು, ವರ್ಷಗಟ್ಟಲೆ ಅದೇ ಮಾತನ್ನು ಹಬ್ಬಕ್ಕೂ ಎತ್ತುತ್ತಾರೆ, ತಿಥಿಗೂ ಎತ್ತುತ್ತಾರೆ. ಕೆಟ್ಟ ಮನಸ್ಸಿಲ್ಲ. ಆದರೆ ಮಾಡಿಸಿಕೊಂಡವನಿಗೆ ಉರಿಯುವುದು ಉರಿಯುತ್ತದೆ.

ಅವರ ಒಬ್ಬನೇ ಮಗ, ನನ್ನ ಸೋದರಳಿಯ, ಸೈನ್ಯದ ಹೆಲಿಕಾಪ್ಟರ್ ಪೈಲಟ್. ಉತ್ತರದ ಹಿಮದ ಬೆಟ್ಟಗಳ ಮೇಲೆ ಸೈನಿಕರಿಗೆ ಔಷಧಿ, ಸೀಮೆಎಣ್ಣೆ, ಪತ್ರ ತಲುಪಿಸುವುದು, ಕಾಯಿಲೆ ಬಿದ್ದವರನ್ನು ಕೆಳಗೆ ತರುವುದು ಅವನ ಕೆಲಸ. ಅವನು ಹಾರಿಸುವ ಪುಟ್ಟ ಹೆಲಿಕಾಪ್ಟರ್ ಬಹಳ ಹಳೆಯ ಮಾದರಿಯದು. ನಾನು ಕೆಲಸದಲ್ಲಿದ್ದಾಗಲೇ ಅದಕ್ಕೆ ಬದಲಿ ಬರುತ್ತದೆ ಅನ್ನುತ್ತಿದ್ದರು, ಈಗಲೂ ಅನ್ನುತ್ತಿದ್ದಾರೆ.

ಅವನಿಗೆ ಕಲ್ಯಾಣದುರ್ಗದಲ್ಲಿ ಒಂದು ಹೆಣ್ಣು ಗೊತ್ತಾಯಿತು. ನಮ್ಮವರೇ. ಹುಡುಗಿಯ ತಂದೆಗೆ ಅಲ್ಲಿ ಬಟ್ಟೆ ಅಂಗಡಿ. ಹುಡುಗಿ ಕರೆಂಟ್ ಇಲಾಖೆಯಲ್ಲಿ ಎಂಜಿನಿಯರ್, ಸಬ್‌ಸ್ಟೇಷನ್ನಿನಲ್ಲಿ ಕೆಲಸ. ಅಳಿಯ ರಜೆಯಲ್ಲಿ ಬಂದಾಗ ನೋಡಿ ಬಂದಿದ್ದ, ಆಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅವನು ಯಾವ ಹುಡುಗಿಯ ಬಗ್ಗೆಯೂ ಹಾಗೆ ನಾಚಿಕೊಂಡು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಿರಿಯರು ಕೂತು ತಾಂಬೂಲ ಬದಲಾಯಿಸುವುದಷ್ಟೇ ಬಾಕಿ ಇತ್ತು.

ಅಷ್ಟರಲ್ಲಿ ಎಲ್ಲೋ ಸೈನ್ಯದ ಹಳೆಯ ವಿಮಾನವೊಂದು ಬಿದ್ದ ಸುದ್ದಿ ಬಂತು. ಟಿ.ವಿ.ಯವರು ಎರಡು ದಿನ ಅದನ್ನೇ ತೋರಿಸಿದರು. ಹಾರುವ ಶವಪೆಟ್ಟಿಗೆ ಅಂದರು. ನನಗೆ ಆ ಮಾತು ಕೇಳಿದರೆ ಮೈಯೆಲ್ಲಾ ಉರಿಯುತ್ತದೆ. ಅದನ್ನು ಬೆಳಗಿನ ಜಾವದ ಚಳಿಯಲ್ಲಿ ಇಂಚು ಇಂಚಾಗಿ ತಡವಿ ನೋಡಿ ಕಳಿಸಿದವರು ಶವಪೆಟ್ಟಿಗೆ ಮಾಡುವ ಬಡಗಿಗಳಲ್ಲ. ಅದೇ ಟಿ.ವಿ.ಯಲ್ಲಿ ಇನ್ನೊಬ್ಬ ದೊಡ್ಡ ಮನುಷ್ಯ ಕೂತು, ಏನೇನೂ ತೊಂದರೆಯಿಲ್ಲ, ಹಳೆಯದೂ ಹೊಸದರಷ್ಟೇ ಗಟ್ಟಿ ಅಂದ. ಅವನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸುದ್ದಿ ನೋಡಿದ ಹುಡುಗಿಯ ತಂದೆ ತಾಂಬೂಲ ಮುಂದಕ್ಕೆ ಹಾಕಿದರು. ಅಕ್ಕ ಓಡಿ ಬಂದಳು.

“ನೀನು ನಮ್ ಜತೆ ಕಲ್ಯಾಣದುರ್ಗಕ್ಕೆ ಬಾರ್ಲಾ. ಇಷ್ಟು ವರ್ಷ ಇಮಾನದಾಗೇ ಬಿದ್ದಿದ್ದೋನು ನೀನು. ಏನೂ ಆಗಲ್ಲ ಅಂತ ಒಂದು ಮಾತು ಹೇಳ್ಬುಡು, ಸಾಕು.”

“ಏನೂ ಆಗಲ್ಲ ಅಂತ ಹೆಂಗಕ್ಕ ಹೇಳ್ಲಿ?”

“ಬಾಯಿಂದ ಹೇಳು” ಅಂದಳು ಅಕ್ಕ.

ಪಾವಗಡದ ಮೇಲೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅಕ್ಕ ನನಗೆ ಪಾಠ ಹೇಳಿಕೊಟ್ಟಳು, ಭಾವ ಅವಳನ್ನು ಅಣಕಿಸಿದರು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಕುಂದುರ್ಪಿ ಕಡೆಯ ಜೀಪಿನವರು ಕೂಗಿ ಜನ ತುಂಬುತ್ತಿದ್ದ ಜಾಗದಲ್ಲಿ, ಹುಡುಗಿಯ ತಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹೊಚ್ಚಹೊಸ ಕಾರು. ಸೀಟಿನ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಅಕ್ಕ, ಭಾವ ಹತ್ತಿ ಕೂತರು. ನನ್ನ ಕಾಲು ತಾನಾಗಿಯೇ ಕಾರಿನ ಮೂತಿಯ ಕಡೆ ಹೋಯಿತು. ಟೈರು ಒತ್ತಿದೆ, ಬಗ್ಗಿ ನೋಡಿದೆ, ಹಿಂದಿನಿಂದ ಸುತ್ತಿ ಬಂದು ಹತ್ತಿದೆ. ಹುಡುಗಿಯ ತಂದೆ ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ಅಕ್ಕ ನನ್ನ ತೊಡೆ ಚಿವುಟಿದಳು.

ಮನೆಯಲ್ಲಿ ಚಾಪೆ ಹಾಸಿದ್ದರು. ಹುಡುಗಿ ಇನ್ನೂ ಬಂದಿರಲಿಲ್ಲ. ಎಲ್ಲೋ ಲೈನ್ ಹರಿದಿದೆ, ಸರಿಮಾಡಿಸಿ ಬರುತ್ತಾಳೆ ಅಂದರು. ನಾವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆ ಮನೆಯ ಅಜ್ಜಿ ನನ್ನ ಹತ್ತಿರ ಬಂದು ಕೂತರು.

“ಏಮಿ ನಾಯನಾ, ನಮ್ ಕಾರಿಗೆ ಪ್ರದಕ್ಷಿಣೆ ಹಾಕಿದ್ಯಂತೆ? ಏನಾದ್ರೂ ಹರಕೆ ಹೊತ್ಕಂಡಿದ್ಯಾ?”

ಭಾವ ಗೊಳ್ಳೆಂದು ನಕ್ಕರು. “ಹರಕೆ ಅಲ್ಲಜ್ಜಿ, ಅದು ಅವ್ನ ಕಾಯಿಲೆ” ಅಂದರು. ಎಲ್ಲರೂ ನಕ್ಕರು. ಹುಡುಗಿಯ ತಂದೆ ಮಾತ್ರ ನಗಲಿಲ್ಲ.

ಅವರು ಒಳಗೆ ಹೋಗಿ ತಟ್ಟೆಯಲ್ಲಿ ತಾಂಬೂಲ ತಂದು ನನ್ನ ಮುಂದಿಟ್ಟರು. ಭಾವನ ಮುಂದಲ್ಲ, ನನ್ನ ಮುಂದೆ. ನಮ್ಮಲ್ಲಿ ಮದುವೆ ಮಾತಿನ ನಡುವೆ ಹೀಗೆ ಒಬ್ಬರ ಮುಂದೆ ತಾಂಬೂಲ ಇಟ್ಟರೆ ಅದಕ್ಕೊಂದು ಅರ್ಥವಿದೆ. ಅದನ್ನು ಕೈಗೆತ್ತಿಕೊಂಡು ಆಡಿದ ಮಾತು ಆಣೆಗೆ ಸಮ. ಆಮೇಲೆ ಹಾಗಂದಿಲ್ಲ, ಹೀಗಂದೆ ಅನ್ನುವ ಹಾಗಿಲ್ಲ.

“ಚೆಪ್ಪಂಡಿ ಸಾರ್, ಹೇಳಿ” ಅಂತ ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. “ನಂಗೆ ಮಿಷನ್ ವಿಚಾರ ತಿಳಿಯಲ್ಲ. ನಿಮಗೆ ತಿಳೀತದೆ. ಹುಡುಗ ಬಂಗಾರದಂಥೋನು, ಅದ್ರಾಗೆ ಎರಡು ಮಾತಿಲ್ಲ. ಆ ಹಳೇ ಹೆಲಿಕಾಪ್ಟರ್ ಬೀಳಲ್ಲ ಅಂತ ತಾಂಬೂಲ ಎತ್ಕಂಡು ಒಂದು ಮಾತು ಹೇಳ್ಬುಡಿ. ಈ ತಿಂಗ್ಳಾಗೇ ಲಗ್ನ ನೋಡಾನ.”

ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಎತ್ತಿಬಿಡಬಹುದಿತ್ತು. ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಮಹಾ ಭಾರವೇನಲ್ಲ. ಆದರೆ ನನಗೆ ಆಗ ಬಹಳ ಹಿಂದೆ ನಾನೇ ಸೀಟಿನ ಬೆಲ್ಟು ಬಿಗಿದು ಕಳಿಸಿದ ಒಬ್ಬ ಪೈಲಟ್ ಹುಡುಗ ನೆನಪಾದ. ಹೋದವನು ಬರಲಿಲ್ಲ. ನಮ್ಮ ಕೆಲಸದಲ್ಲಿ ತಪ್ಪು ಕಂಡುಬರಲಿಲ್ಲ. ಮಾರನೇ ದಿನ ಉಳಿದ ಒಂದೊಂದು ವಿಮಾನವನ್ನೂ ಎರಡೆರಡು ಸಲ ಸುತ್ತಿ ನೋಡಿದೆ. ಅವತ್ತು ಹೆದರಿದ್ದೆ, ಇವತ್ತಿಗೂ ಹೆದರಿಕೆ ಹೋಗಿಲ್ಲ. ನಾನು ತಟ್ಟೆಗೆ ಕೈ ಚಾಚಲಿಲ್ಲ.

ತಿಳಿದದ್ದನ್ನು ಹೇಳಿದೆ. ಹೆಲಿಕಾಪ್ಟರಿಗೆ ವರ್ಷಕ್ಕಿಂತ ಹಾರಿದ ಗಂಟೆಯ ಲೆಕ್ಕ ಮುಖ್ಯ. ಎಂಜಿನ್ನು, ಮೇಲೆ ತಿರುಗುವ ರೆಕ್ಕೆ, ಪೈಪು, ತಂತಿ, ಎಲ್ಲಕ್ಕೂ ಇಷ್ಟು ಗಂಟೆ ಅಂತ ಇರುತ್ತದೆ. ಅದು ಮುಗಿದರೆ ಚೆನ್ನಾಗಿದ್ದರೂ ಬಿಚ್ಚಿ ಬೇರೆಯದು ಹಾಕುತ್ತಾರೆ. ಕಣ್ಣಿಗೆ ಕಾಣದ ಬಿರುಕು ಹುಡುಕುವುದಕ್ಕೆ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತೇವೆ. ಬಿರುಕಿದ್ದ ಕಡೆ ಕೂದಲಿನಂಥ ಕೆಂಪು ಗೆರೆ ಮೂಡುತ್ತದೆ. ಇಷ್ಟು ಹೇಳುವಾಗ ಅಕ್ಕನ ಮುಖ ಅರಳುತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅವಳಿಗೆ ಸಂತೋಷವಾಗುತ್ತಿತ್ತು.

ನಾನು ನಿಲ್ಲಿಸಲಿಲ್ಲ. ಆದರೆ ಅದರ ಮೂಳೆ, ಅಂದರೆ ಒಳಗಿನ ಚೌಕಟ್ಟು, ಅದೇ ಇರುತ್ತದೆ, ಅದನ್ನು ಬದಲಾಯಿಸುವುದಕ್ಕಾಗುವುದಿಲ್ಲ ಅಂದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ಪಟಕ್ಕನೆ ಮುರಿಯುವಂತೆ ಲೋಹವೂ ದಣಿಯುತ್ತದೆ. ಹಳೆಯ ಮಾದರಿಗೆ ಬಿಡಿಭಾಗ ಸಿಗುವುದು ಕಷ್ಟ. ಮೂಲೆಯಲ್ಲಿ ನಿಂತ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಚೆನ್ನಾಗಿ ನೋಡಿಕೊಂಡರೆ ಹಾರುತ್ತದೆ. ವರ್ಷ ಹೋದ ಹಾಗೆ ಚೆನ್ನಾಗಿ ನೋಡಿಕೊಳ್ಳುವುದೇ ಕಷ್ಟವಾಗುತ್ತದೆ. ಒಂದು ದಿನ, ಇನ್ನು ಸಾಕು ಅಂತ ನಿಲ್ಲಿಸಲೇಬೇಕು. ಆ ದಿನ ಇವತ್ತೋ ನಾಳೆಯೋ ಅನ್ನುವುದು ನನ್ನಂಥವನ ಕೈಯಲ್ಲಿಲ್ಲ.

“ಅಂದ್ರೆ ಬೀಳ್ತದೆ ಅಂತೀರಾ?”

“ಬೀಳ್ತದೆ ಅಂತಲೂ ಅನ್ನಲ್ಲ, ಬೀಳಲ್ಲ ಅಂತಲೂ ಅನ್ನಲ್ಲ.”

ಯಜಮಾನರ ಮುಖ ಗಂಟಾಯಿತು. “ಶೋರೂಮಿಂದ ಮೊನ್ನೆ ಬಂದಿರೋ ನನ್ ಕಾರನ್ನೇ ನೀವು ನಂಬ್ಲಿಲ್ಲ. ಸುತ್ತು ಹಾಕಿ ನೋಡಿ ಹತ್ತಿದ್ರಿ. ಆ ಹಳೇದ್ರ ಮೇಲೆ ನಿಮಗೇ ನಂಬಿಕೆ ಇಲ್ದಿದ್ಮೇಲೆ ನನ್ ಮಗಳನ್ನ ಹೆಂಗೆ ಕೊಡ್ಲಿ?”

“ನಮ್ ಕೆಲಸದಾಗೆ ನಂಬೋದೇ ಇಲ್ಲ ಯಜಮಾನ್ರೆ” ಅಂದೆ. “ಹೊಸದನ್ನೂ ನಂಬಲ್ಲ, ಹಳೇದನ್ನೂ ನಂಬಲ್ಲ. ದಿನಾ ಹೊಸದಾಗಿ ನೋಡ್ತೀವಿ. ಅಷ್ಟೇ ನಮಗೆ ಗೊತ್ತಿರೋದು.”

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಕ್ಕ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಇಷ್ಟು ದೂರ ಕರೆದುಕೊಂಡು ಬಂದ ತಮ್ಮನೇ ಮದುವೆ ಮುರಿದುಬಿಟ್ಟ ಅಂತ ಅವಳಿಗೆ ಅನ್ನಿಸಿತ್ತು. ನನಗೂ ಹಾಗೇ ಅನ್ನಿಸಿತು. ಅಳಿಯನಿಗೆ ಸಂಜೆ ಫೋನಿನಲ್ಲಿ ಏನು ಹೇಳಲಿ ಅಂತ ಯೋಚಿಸತೊಡಗಿದೆ.

ಆಗ ಹುಡುಗಿ ಬಂದಳು. ಚಪ್ಪಲಿ ಬಿಟ್ಟು, ಕಾಲಿನ ಮಣ್ಣು ತೊಳೆದುಕೊಂಡು ಬಂದು ಎಲ್ಲರಿಗೂ ಕೈ ಮುಗಿದು ಕೂತಳು. ತಟ್ಟೆಯಲ್ಲಿ ಹಾಗೇ ಇದ್ದ ತಾಂಬೂಲ ನೋಡಿದಳು, ತಂದೆಯ ಮುಖ ನೋಡಿದಳು. ಏನಾಯಿತು ಅಂತ ಅಜ್ಜಿ ತೆಲುಗಿನಲ್ಲಿ ಗೊಣಗುಟ್ಟಿ ಹೇಳಿದರು. ಅವಳು ನನ್ನ ಕಡೆ ತಿರುಗಿದಳು.

“ಅಂಕಲ್, ನಾನೊಂದು ಕೇಳ್ಲಾ? ಅವ್ರು ಯಾವತ್ತಾದ್ರೂ ಹೆಲಿಕಾಪ್ಟರಿಂದ ಇಳಿದು ಬಂದಿದ್ದಾರಾ? ಹತ್ತಿ ಕೂತ್ಮೇಲೆ, ಬೇಡ ಅಂತ?”

“ಯಾಕಮ್ಮ ಹಂಗೆ ಕೇಳ್ತೀಯ?”

“ನಮ್ ಲೈನ್‌ಮನ್‌ಗಳನ್ನ ನೋಡ್ತೀನಲ್ಲ. ಹಳೇ ಕಂಬದ ಮೇಲೂ ಶಾಕ್ ಹೊಡೀತದೆ, ಹೊಸ ಕಂಬದ ಮೇಲೂ ಹೊಡೀತದೆ. ಕರೆಂಟ್ ತೆಗೆದೈತೆ, ಹತ್ತು ಅಂತ ನಾವು ಹೇಳೋ ತನಕ ಹತ್ತಬಾರ್ದು. ಆದ್ರೆ ಕೆಳಗೆ ಜನ ನಿಂತಿರ್ತಾರೆ. ಏನ್ಲಾ ಹೆದರ್ಕಂಡ್ಯಾ ಅಂತಾರೆ. ಆ ಮಾತಿಗೆ ನಾಚ್ಕಂಡು ಹತ್ತಿಬಿಡ್ತಾರೆ. ಅದಕ್ಕೇ ಕೇಳ್ದೆ.”

ಅಳಿಯ ಒಮ್ಮೆ ಇಳಿದಿದ್ದ. ಅದು ನನ್ನೊಬ್ಬನಿಗೇ ಗೊತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಬೇಡ ಮಾವ ಅಂದಿದ್ದ. ಹೇಳಿದರೆ ಇವರು ಹೇಡಿ ಅಂದುಕೊಂಡಾರು. ಹೇಳದಿದ್ದರೆ ಅವಳ ಪ್ರಶ್ನೆಗೆ ಸುಳ್ಳು ಉತ್ತರ. ಅಳಿಯನ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು ಹೇಳಿದೆ.

ಬೆಟ್ಟದ ಮೇಲೆ ಸಾಮಾನು ಕಾಯುತ್ತಿತ್ತು. ಹವೆ ಚೆನ್ನಾಗಿತ್ತು. ಮೆಕ್ಯಾನಿಕ್‌ಗಳು ಎಲ್ಲ ನೋಡಿ ಸರಿಯಿದೆ ಅಂದಿದ್ದರು. ಅವನು ಹತ್ತಿ ಎಂಜಿನ್ ಶುರು ಮಾಡಿದ. ಕಾಲಡಿಯ ಪೆಡಲಿನಲ್ಲಿ ದಿನಾ ಇಲ್ಲದ ಒಂದು ನಡುಕ ಬಂದ ಹಾಗಾಯಿತು, ಸದ್ದೂ ಯಾಕೋ ಬೇರೆ ಅನ್ನಿಸಿತು. ಎಂಜಿನ್ ನಿಲ್ಲಿಸಿ ಇಳಿದುಬಂದ. ದಿನವೆಲ್ಲ ಬಿಚ್ಚಿ ಹುಡುಕಿದರು, ಏನೂ ಸಿಗಲಿಲ್ಲ. ಮಾರನೇ ದಿನ ಅದನ್ನೇ ಹಾರಿಸಿಕೊಂಡು ಹೋಗಿ ಸಾಮಾನು ಇಳಿಸಿ ಬಂದ. ಆದರೂ ಜತೆಯ ಕೆಲವರು ಬಹಳ ದಿನ ಅವನನ್ನು ರೇಗಿಸಿದರಂತೆ. ಒಂದು ಸಂಜೆ ನನಗೆ ಫೋನ್ ಮಾಡಿ, “ಮಾವ, ಸದ್ದು ಬದಲಾಗಿದ್ದು ನಿಜವಾ, ಇಲ್ಲ ನಾನೇ ಹೆದರ್ಕಂಡ್ನಾ?” ಅಂತ ಕೇಳಿದ್ದ.

ನಾನು ಮಾತು ಮುಗಿಸಿದ್ದೆನೋ ಇಲ್ಲವೋ, ಭಾವ ತೊಡೆ ತಟ್ಟಿಕೊಂಡು ನಕ್ಕರು.

“ಅಯ್ಯೋ ನನ್ ಮಗ್ನೆ! ಹೆದರ್ಕಂಡು ಇಳಿದ್ಬುಟ್ಟವ್ನೆ, ನಮಗೇ ಹೇಳಿಲ್ಲ ನೋಡು! ಬರ್ಲಿ ಈ ಸಲ ಊರಿಗೆ...”

ಅದು ಅವರ ಅಭ್ಯಾಸದ ನಗು. ಬೀಗರ ಮುಂದೆ ಆದ ಮುಜುಗರವೂ ಅದರಲ್ಲಿತ್ತು. ಆದರೆ ಆ ಮನೆಯಲ್ಲಿ ಜತೆಗೆ ಯಾರೂ ನಗಲಿಲ್ಲ. ಹುಡುಗಿ ಅವರನ್ನೇ ನೋಡುತ್ತಿದ್ದಳು. ಭಾವನ ನಗು ಅರ್ಧಕ್ಕೇ ನಿಂತಿತು. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ತಳ್ಳಿ ನನಗೂ ಭಾವನಿಗೂ ನಡುವೆ ಇಟ್ಟಳು.

“ಹೆಲಿಕಾಪ್ಟರ್ ಬೀಳಲ್ಲ ಅಂತ ನಂಗೆ ಯಾರೂ ಮಾತು ಕೊಡೋದು ಬೇಡ” ಅಂದಳು. “ಅವ್ರು ಇನ್ನೊಂದ್ಸಲ ಇಳಿದು ಬಂದ್ರೆ ನಿಮ್ಮನೇಲಿ ಯಾರೂ ನಗಬಾರ್ದು. ಏನೂ ಸಿಗ್ದೇ ಇದ್ರೂ ನಗಬಾರ್ದು. ಈ ಮಾತು ಕೊಟ್ಟು ತಾಂಬೂಲ ಎತ್ಕಳಿ.”

ತಂದೆ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಅವರ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಿರಿಸಿದರು. ನಾನು ಭಾವನ ಮುಖ ನೋಡಿದೆ. ಯಾರನ್ನೂ ಸುಮ್ಮನೆ ಬಿಟ್ಟವರಲ್ಲ ಆ ಮನುಷ್ಯ. ಈಗ ಆಗಲಿ ಅಂತ ಮೆಲ್ಲಗೆ ತಲೆಯಾಡಿಸಿದರು. ಇಬ್ಬರೂ ತಟ್ಟೆಯ ಒಂದೊಂದು ಬದಿ ಹಿಡಿದು ಎತ್ತಿಕೊಂಡೆವು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮರಳಿ ಬಸ್‌ಸ್ಟ್ಯಾಂಡಿಗೆ ಬಿಡಲು ಯಜಮಾನರೇ ಬಂದರು. ನಾನು ಸಂಕೋಚದಿಂದ ನೇರವಾಗಿ ಬಾಗಿಲು ತೆಗೆದು ಹತ್ತಲು ಹೋದೆ. “ಪರ್ವಾಲೇದು ಸಾರ್, ಒಂದು ಸುತ್ತು ಹಾಕಿ ಬನ್ನಿ” ಅಂದರು. ಹಾಕಿ ಬಂದೆ. ಹಿಂದಿನ ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆಯಿತ್ತು. ಹೇಳಿದೆ. ದಾರಿಯಲ್ಲಿ ಗಾಳಿ ತುಂಬಿಸಿಕೊಂಡರು.

ಮದುವೆಯಾಯಿತು. ಹುಡುಗಿ ಕಲ್ಯಾಣದುರ್ಗದಲ್ಲೇ ಕೆಲಸದಲ್ಲಿದ್ದಾಳೆ, ರಜೆ ಸಿಕ್ಕಾಗ ಹಿಂದೂಪುರಕ್ಕೆ ಬರುತ್ತಾಳೆ. ಅಳಿಯ ಈಗಲೂ ಅದೇ ಹಳೆಯ ಹೆಲಿಕಾಪ್ಟರ್ ಹಾರಿಸುತ್ತಾನೆ. ಬದಲಿ ಬರುತ್ತದೆ ಅಂತ ಈಗಲೂ ಅನ್ನುತ್ತಿದ್ದಾರೆ. ಬೇಗ ಬರಲಿ ಅಂತ ನಾನು ದಿನಾ ಬೇಡಿಕೊಳ್ಳುತ್ತೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ಎಲ್ಲರೂ ಅಕ್ಕನ ಮನೆಯ ಪಡಸಾಲೆಯಲ್ಲಿದ್ದೆವು. ಹುಡುಗಿ ಕಡಲೇಕಾಯಿ ಬಿಡಿಸುತ್ತಿದ್ದಳು. ಅಳಿಯನ ಫೋನ್ ಬಂತು. ಅಕ್ಕ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು. ಅದೂ ಇದೂ ಮಾತಾಡಿ ಅವನು, “ಇವತ್ತು ಹಾರ್ಲಿಲ್ಲ ಕಣಮ್ಮ. ಹತ್ತಿದ್ದೆ, ಇಳಿದ್ಬುಟ್ಟೆ” ಅಂದ.

ಹುಡುಗಿ ತಲೆ ಎತ್ತಲಿಲ್ಲ. ಕಡಲೇಕಾಯಿ ಒಡೆಯುತ್ತಿದ್ದ ಬೆರಳು ಮಾತ್ರ ನಿಂತವು. ಭಾವನ ಬಾಯಿ ತೆರೆದಿತ್ತು. ಅಂಥ ಅವಕಾಶವನ್ನು ಅವರು ಜನ್ಮದಲ್ಲಿ ಬಿಟ್ಟವರಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಎದ್ದು ಒಳಗೆ ಹೋಗಿ ಮಗ್ಗಗಳನ್ನೆಲ್ಲ ನಿಲ್ಲಿಸಿ ಬಂದರು. ಮನೆ ಒಮ್ಮೆಗೇ ನಿಶ್ಶಬ್ದವಾಯಿತು. ಅಕ್ಕನ ಕೈಯಿಂದ ಫೋನ್ ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದರು.

“ಸದ್ದು ಬದ್ಲಾಯ್ತೇನಪ್ಪ?”

“ಹೂಂ ಅಪ್ಪ.”

“ಒಳ್ಳೇದು ಮಾಡ್ದೆ ಬುಡು. ನಾನಾಗಿದ್ರೂ ನಿಲ್ಸ್ತಿದ್ದೆ. ಊಟ ಮಾಡಿದ್ಯಾ?”